ನಡುಕ ನಿಲ್ಲಿಸುವ ಡಿಬಿಎಸ್ ನಡಿಗೆಯನ್ನೂ ಸರಿಮಾಡುತ್ತದೆಯೇ?

ಪಾರ್ಕಿನ್‌ಸನ್ ಕಾಯಿಲೆಗೆ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಶನ್) ಆಪರೇಷನ್ ಆದರೆ ಮೊದಲಿನ ಹಾಗೆ ಓಡಾಡಬಹುದಾ? ಮನೆಯವರಿಗೆ ಬೇಕಾದ ಉತ್ತರ ಇದೊಂದೇ. ಆದರೆ ಮಿದುಳಿನೊಳಗೆ ಸಣ್ಣ ತಂತಿ ಇಟ್ಟು ಕರೆಂಟು ಹರಿಸುವ ಈ ಚಿಕಿತ್ಸೆ ಶುರುವಾಗಿದ್ದು ನಡಿಗೆಗಾಗಿ ಅಲ್ಲ, ನಡುಕಕ್ಕಾಗಿ.

1952ರಲ್ಲಿ ನ್ಯೂಯಾರ್ಕ್‌ನ ಸರ್ಜನ್ ಇರ್ವಿಂಗ್ ಕೂಪರ್ ಆಪರೇಷನ್ ಮಾಡುವಾಗ ಪಾರ್ಕಿನ್‌ಸನ್ ರೋಗಿಯ ಮಿದುಳಿನ ರಕ್ತನಾಳವೊಂದು ಹರಿದುಹೋಯಿತು. ಅದನ್ನು ಕಟ್ಟಿ, ಆಪರೇಷನ್ ಅಲ್ಲಿಗೇ ನಿಲ್ಲಿಸಿದರು. ರೋಗಿಗೆ ಎಚ್ಚರವಾದಾಗ ನಡುಕವೂ ಇಲ್ಲ, ಬಿಗಿತವೂ ಇಲ್ಲ! ಮುಂದೆ ಮಿದುಳಿನ ಆಳದಲ್ಲಿ ಚೂರು ಜಾಗವನ್ನು ಬೇಕೆಂದೇ ನಾಶ ಮಾಡುವ ಆಪರೇಷನ್‌ಗಳು ಹೆಚ್ಚಾದವು. ಬೆಂಗಳೂರಿನಲ್ಲಿ, ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆಯಲ್ಲಿದ್ದ ಡಾ. ಆರ್.ಎಂ. ವರ್ಮ ಅವರೂ ಪಾರ್ಕಿನ್‌ಸನ್ ಆಪರೇಷನ್‌ಗೆ ಹೆಸರಾಗಿದ್ದರು. 1960ರ ದಶಕದ ಕೊನೆಗೆ ಲೆವೊಡೋಪಾ ಎಂಬ ಮಾತ್ರೆ ಬಂತು, ಆಪರೇಷನ್ ಹಿಂದೆ ಸರಿಯಿತು. ಆದರೆ ವರ್ಷಗಟ್ಟಲೆ ಮಾತ್ರೆ ತಿಂದವರಿಗೆ ಹೊಸ ಕಷ್ಟ ಕಾದಿತ್ತು. ಮಾತ್ರೆಯ ಬಲ ಇಳಿದಾಗ ಮೈ ಮರಗಟ್ಟುವುದು, ಏರಿದಾಗ ಕೈಕಾಲು ತಾವಾಗಿಯೇ ಹೊರಳಾಡುವುದು.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸರ್ಜನ್ ಅಲಿಮ್ ಲೂಯಿ ಬೆನಬೀದ್, ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದ ಒಂದು ಜಾಗವನ್ನು ಸುಡುವ ಮೊದಲು ಕರೆಂಟು ಕೊಟ್ಟು ಪರೀಕ್ಷಿಸುತ್ತಿದ್ದರು. ಸೆಕೆಂಡಿಗೆ ಸುಮಾರು 100 ಮಿಡಿತ ಕೊಟ್ಟಾಗ ನಡುಕ ನಿಂತಿತು. ನಿಲ್ಲಿಸಿದರೆ ಮತ್ತೆ ಬಂತು. ಅಂದಮೇಲೆ ಸುಡುವುದೇಕೆ? ತಂತಿಯನ್ನು ಅಲ್ಲೇ ಬಿಟ್ಟರೆ ಸಾಕಲ್ವಾ? ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವುದು ಇದೇ: ಬೇಡವೆಂದರೆ ಆಫ್ ಮಾಡಬಹುದಾದ ಚಿಕಿತ್ಸೆ ಸಿಕ್ಕಿತು.

ಆದರೂ ಥಲಾಮಸ್‌ನಿಂದ ನಡುಕವಷ್ಟೇ ಹೋಗುತ್ತಿತ್ತು. ಚಲನೆಯ ನಿಧಾನ ಹಾಗೇ ಉಳಿಯುತ್ತಿತ್ತು. ದಾರಿ ತೋರಿಸಿದ್ದು ಒಂದು ದುರಂತ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕ ವಸ್ತು ಚುಚ್ಚಿಕೊಂಡ ಕೆಲವು ಯುವಕರು ಪಾರ್ಕಿನ್‌ಸನ್ ರೋಗಿಗಳಂತೆ ಮರಗಟ್ಟಿದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷವನ್ನು ಕೊಟ್ಟು ಮಂಗಗಳಲ್ಲಿ ಅದೇ ಸ್ಥಿತಿ ತರಲಾಯಿತು. 1990ರಲ್ಲಿ ಅಮೆರಿಕದ ವಿಜ್ಞಾನಿ ಮಹ್ಲಾನ್ ಡಿಲಾಂಗ್ ಅವರ ತಂಡ ಅಂಥ ಮಂಗಗಳಲ್ಲಿ ಥಲಾಮಸ್‌ನ ಕೆಳಗಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ನಾಶಮಾಡಿದಾಗ ಅವು ಮತ್ತೆ ಚಲಿಸತೊಡಗಿದವು. 1993ರಲ್ಲಿ ಬೆನಬೀದ್ ತಂಡ ರೋಗಿಗಳಲ್ಲಿ ತಂತಿಯನ್ನು ಅಲ್ಲಿಗೇ ಇಟ್ಟಿತು. ಈಗ ಬಿಗಿತ, ನಿಧಾನ ಎರಡೂ ಇಳಿದವು. ಈ ಜಾಗಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಇಂದು ಸಾಮಾನ್ಯವಾಗಿ ಸೆಕೆಂಡಿಗೆ 130 ಮಿಡಿತ ಕೊಡುತ್ತಾರೆ. ಕರೆಂಟು ಕೊಡುವ ಯಂತ್ರ ಆನ್ ಆದ ಕೂಡಲೇ ನಡುಕ ಇಳಿಯಬಹುದು. ನಡಿಗೆ ಸುಧಾರಿಸಲು ಇನ್ನೂ ಸಮಯ ಬೇಕು. ಮಾತ್ರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ಹೊರಳಾಟವೂ ತಗ್ಗುತ್ತದೆ. ಆದರೆ ನಡುಕವೊಂದನ್ನು ಬಿಟ್ಟರೆ, ಲೆವೊಡೋಪಾಗೆ ಬಗ್ಗದ್ದು ಡಿಬಿಎಸ್‌ಗೂ ಬಗ್ಗುವುದು ಕಷ್ಟ. ಮಾತ್ರೆ ಚೆನ್ನಾಗಿ ಹತ್ತಿದಾಗಲೂ ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗುವವರಿಗೆ, ಆಯ ತಪ್ಪಿ ಬೀಳುವವರಿಗೆ ಹೆಚ್ಚು ಲಾಭವಿಲ್ಲ. ಕೆಲವರ ಮಾತು ಇನ್ನಷ್ಟು ತೊದಲುತ್ತದೆ. ಕಾಯಿಲೆ ಮುಂದುವರಿಯುವುದೂ ನಿಲ್ಲುವುದಿಲ್ಲ.

ಅದಕ್ಕೇ ಆಪರೇಷನ್‌ಗೆ ಮುಂಚೆ ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಲೆವೊಡೋಪಾ ಕೊಟ್ಟು, ಎದ್ದು ನಡೆಯಲು ಹೇಳಿ ನೋಡುತ್ತಾರೆ. ಮನೆಯವರು ಈ ಪರೀಕ್ಷೆಯ ಹೊತ್ತಿಗೆ ಪಕ್ಕದಲ್ಲೇ ಇರಬೇಕು. ಆಪರೇಷನ್‌ನಿಂದ ಎಷ್ಟು ಸಿಗಬಹುದೆಂಬ ಅಂದಾಜು ಅಲ್ಲೇ ಕಣ್ಣಿಗೆ ಕಾಣುತ್ತದೆ.