ಮಸ್ಸೂರಿಯ ಸುಣ್ಣದಕಲ್ಲೂ ಅದರೊಳಗಿನ ನೀರೂ

ಉತ್ತರಾಖಂಡದ ಗಿರಿಧಾಮ ಮಸ್ಸೂರಿಯ ಒರತೆಗಳು ಸೊರಗುತ್ತಿವೆ ಎಂಬ ಮಾತು ಬೇಸಿಗೆ ಬಂದಾಗಲೆಲ್ಲ ಏಳುತ್ತದೆ. ಗಣಿ, ಕೋರ್ಟು, ಕಾಡು, ಹೋಟೆಲು, ಶೌಚಗುಂಡಿ ಎಲ್ಲವೂ ಒಟ್ಟಿಗೆ ಚರ್ಚೆಗೆ ಬಂದು ಗೋಜಲಾಗುತ್ತದೆ. ಗೋಜಲು ಬಿಡಿಸಲು ಕಲ್ಲಿನಿಂದಲೇ ಶುರುಮಾಡಬೇಕು.

ಆ ಬೆಟ್ಟದ ಮೈಯಲ್ಲಿ ಬಹುಪಾಲು ಕ್ರೋಲ್ ಸುಣ್ಣದಕಲ್ಲು. ಹೆಸರು ಬಂದದ್ದು ಹಿಮಾಚಲದ ಸೋಲನ್ ಪಕ್ಕದ ಕ್ರೋಲ್ ಬೆಟ್ಟದಿಂದ. ಭೂವಿಜ್ಞಾನಿಗಳಾದ ಮೆಡ್ಲಿಕಾಟ್ 1864ರಲ್ಲಿ, ಆಡೆನ್ 1934ರಲ್ಲಿ ಈ ಶಿಲೆಗಳ ವಿವರ ಬರೆದಿಟ್ಟರು. ಇವಕ್ಕೆ ಅಷ್ಟೇನೂ ವಯಸ್ಸಾಗಿಲ್ಲ ಎಂದೇ ಬಹುಕಾಲ ಎಣಿಸಿದ್ದರು. 1980ರ ದಶಕದ ಆರಂಭದಲ್ಲಿ ಡೆಹ್ರಾಡೂನ್ ಹತ್ತಿರದ ಮಾಲ್ದೇವತಾದ ಬಳಿ, ಕ್ರೋಲ್ ಮೇಲೆ ಕೂತ ಟಾಲ್ ಎಂಬ ಶಿಲಾಪದರಗಳಲ್ಲಿ ಅತಿ ಸಣ್ಣ ಚಿಪ್ಪಿನ ಪಳೆಯುಳಿಕೆಗಳು ಸಿಕ್ಕ ಮೇಲೆ ಲೆಕ್ಕ ಬುಡಮೇಲಾಯಿತು. ಅಡಿಯ ಸುಣ್ಣದಕಲ್ಲು 54 ಕೋಟಿ ವರ್ಷಕ್ಕೂ ಹಿಂದಿನದು. ನಮ್ಮ ಶಹಾಬಾದ್ ಕಲ್ಲು ಕೂಡ ಹಳೆಯ ಸಮುದ್ರದ ಸುಣ್ಣದ ಕೆಸರೇ, ಆದರೆ ಅದು ಚಾಪೆಯಂತೆ ಹಾಸಿಕೊಂಡಿದೆ. ಮಸ್ಸೂರಿಯದು ಹಿಮಾಲಯ ಏಳುವಾಗ ಮಡಿಚಿಕೊಂಡು ಬಿರುಕುಬಿಟ್ಟದ್ದು. ಅಲ್ಲಿ ನೀರು ನಿಲ್ಲುವುದೂ ಹರಿಯುವುದೂ ಬಿರುಕುಗಳಲ್ಲೇ.

ಕಲ್ಲು ಶುದ್ಧವಾಗಿದ್ದರಿಂದ ಕಾರ್ಖಾನೆಗಳಿಗೆ ಬೇಕಾಯಿತು. 1962ರಲ್ಲಿ ಇಪ್ಪತ್ತು ವರ್ಷಕ್ಕೆ ಕೊಟ್ಟ ಗಣಿ ಗುತ್ತಿಗೆಗಳ ಅವಧಿ 1982ರಲ್ಲಿ ಮುಗಿಯಿತು, ನವೀಕರಣದ ಜಗಳ ಶುರುವಾಯಿತು. 1983ರಲ್ಲಿ ಡೆಹ್ರಾಡೂನಿನ ಸಂಸ್ಥೆಯೊಂದು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. 1985ರ ಮಾರ್ಚ್ 12ರಂದು ಹಲವು ಗಣಿಗಳಿಗೆ ಬೀಗ ಬಿತ್ತು, 1988ರಲ್ಲಿ ಅಂತಿಮ ತೀರ್ಪು ಬಂತು, 1989ರ ಫೆಬ್ರವರಿಯಲ್ಲಿ ಡೆಹ್ರಾಡೂನ್ ಇರುವ ದೂನ್ ಕಣಿವೆಗೆ ಪರಿಸರ ನಿರ್ಬಂಧಗಳು ಬಂದವು. ಗಣಿ ಮುಚ್ಚಿದ್ದು ಸರಿಯೇ. ಆದರೆ ಆ ಕಡತದ ಜೊತೆಗೆ ನೀರಿನ ಪ್ರಶ್ನೆಯನ್ನೂ ಕಟ್ಟಿಟ್ಟಂತಾಯಿತು. ಬೋಳಾದ ಇಳಿಜಾರಿನಲ್ಲಿ ಮತ್ತೆ ಹಸಿರು ಕಂಡರೆ ಒರತೆಯೂ ಸರಿಯಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಯಿತು.

ಈ ನಂಬಿಕೆ ಎಷ್ಟು ನಿಜ ಎಂದು ನೀರನ್ನೇ ಪರೀಕ್ಷಿಸಿ ನೋಡಬಹುದು. ಶುದ್ಧ ನೀರಿನಲ್ಲಿ ಸುಣ್ಣದಕಲ್ಲು ಲೀಟರಿಗೆ ಹದಿನಾಲ್ಕು ಮಿಲಿಗ್ರಾಂನಷ್ಟು ಮಾತ್ರ ಕರಗುತ್ತದೆ. ಕಾಡಿನ ಮಣ್ಣಿನಲ್ಲಿ ಬೇರು, ಸೂಕ್ಷ್ಮಜೀವಿಗಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತವೆ. ಅದರ ಮೂಲಕ ಇಳಿದ ಮಳೆ ನೀರು ಇನ್ನೂರು ಮುನ್ನೂರು ಮಿಲಿಗ್ರಾಂ ಕರಗಿಸಿಕೊಳ್ಳುತ್ತದೆ. ಮಣ್ಣು ಕೆರೆದುಹೋದ ಜಾಗದಲ್ಲಿ ನೀರು ಇಂಗುವುದೂ ಕಡಿಮೆ, ಕರಗಿಸುವ ಶಕ್ತಿಯೂ ಕಡಿಮೆ. ಹಾಗಾಗಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಪ್ರಮಾಣ, ಮೇಲಿನ ಮಣ್ಣಿನ ಸ್ಥಿತಿಗೂ ಒಂದು ಸಾಕ್ಷಿ.

ಇನ್ನೊಂದು ಗಡಸುತನದ ಮೂಲವೇ ಬೇರೆ. ಡೆಹ್ರಾಡೂನ್ ಪಕ್ಕದ ಸಹಸ್ರಧಾರಾದಲ್ಲಿ ಸುಣ್ಣದ ನೀರು ಹನಿಹನಿಯಾಗಿ ತೊಟ್ಟಿಕ್ಕಿ ಪಾಚಿಯ ಮೇಲೆಯೇ ಕಲ್ಲುಗಟ್ಟಿದೆ. ಅಲ್ಲೇ ಗಂಧಕದ ಒರತೆಯೂ ಇದೆ, ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ. ಆ ಭಾಗದ ಕ್ರೋಲ್ ಪದರಗಳಲ್ಲಿ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್ ಖನಿಜ ಇದೆ. ಅದು ಲೀಟರಿಗೆ ಸುಮಾರು 2.4 ಗ್ರಾಂ ಕರಗಬಲ್ಲದು. ಅಷ್ಟೂ ಕರಗಿದರೆ ಗಡಸುತನ ಲೀಟರಿಗೆ 1,400 ಮಿಲಿಗ್ರಾಂ ಮುಟ್ಟುತ್ತದೆ, ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ 600. ಸುಣ್ಣದಕಲ್ಲಿನ ಗಡಸುತನ ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಕರೆಯಾಗಿ ಕೂರುತ್ತದೆ. ಜಿಪ್ಸಮ್‌ನದು ಕುದಿಸಿದರೆ ಹೋಗುವುದಿಲ್ಲ. ಮೂರನೆಯದು ಟಾಲ್ ಪದರದ ಕರಿ ಶೇಲ್, ಅಂದರೆ ಗಟ್ಟಿಯಾದ ಕೆಸರಿನ ಕಲ್ಲು. ಅದರಲ್ಲಿನ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ಪಕ್ಕದ ಸುಣ್ಣದಕಲ್ಲು ಆ ಆಮ್ಲವನ್ನು ತಣಿಸಿದರೂ ನೀರಿನಲ್ಲಿ ಸಲ್ಫೇಟ್ ಉಳಿಯುತ್ತದೆ.

ಮಾದರಿ ತರುವ ರೀತಿಯಲ್ಲೇ ಬಹಳ ಸಲ ಎಡವಟ್ಟಾಗುತ್ತದೆ. ಉಷ್ಣತೆ, ಪಿಎಚ್ (ಆಮ್ಲತೆಯ ಅಳತೆ), ವಿದ್ಯುತ್ ವಾಹಕತೆ (ಕರಗಿದ ಲವಣಗಳ ಸುಳಿವು) ಇವನ್ನು ಒರತೆಯ ಬಾಯಲ್ಲೇ ಅಳೆಯಬೇಕು. ಬಾಟಲಿಯಲ್ಲಿ ಎರಡು ದಿನ ಇಟ್ಟರೆ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ವರದಿಯಲ್ಲಿ ನೀರು ಇದ್ದದ್ದಕ್ಕಿಂತ ಮೆದುವಾಗಿ ಕಾಣುತ್ತದೆ. ಆದ್ದರಿಂದ ಎರಡು ಬಾಟಲಿ ಬೇಕು. ಒಂದರಲ್ಲಿ 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗಿಳಿಸಿ ಲೋಹಗಳನ್ನು ಅಳೆಯಲು ಇಡಬೇಕು, ಇನ್ನೊಂದನ್ನು ಆಮ್ಲ ಹಾಕದೆ ಸಲ್ಫೇಟ್, ಕ್ಲೋರೈಡ್ ಅಳೆಯಲು. ಬೇರಿಯಂ ಕ್ಲೋರೈಡ್ ಹಾಕಿ ಮಬ್ಬು ನೋಡುವ ಸಲ್ಫೇಟ್ ಪರೀಕ್ಷೆ ಲೀಟರಿಗೆ ಸುಮಾರು 40 ಮಿಲಿಗ್ರಾಂವರೆಗೆ ಮಾತ್ರ ನಂಬಿಕಸ್ಥ. ಜಿಪ್ಸಮ್ ಒರತೆಯ ನೀರನ್ನು ಶುದ್ಧ ನೀರು ಬೆರೆಸಿ ತೆಳುಮಾಡದೆ ಅಳೆದರೆ ಕಡಿಮೆ ತೋರಬಹುದು. ಧನ, ಋಣ ಅಯಾನುಗಳ (ವಿದ್ಯುದಂಶವುಳ್ಳ ಕರಗಿದ ಕಣಗಳ) ವಿದ್ಯುದಂಶದ ಮೊತ್ತ ಶೇ. 5ಕ್ಕಿಂತ ಹೆಚ್ಚು ತಾಳೆ ತಪ್ಪಿದರೆ ಆ ವರದಿಯನ್ನು ಬದಿಗಿಡಬೇಕು.

ಮಾದರಿ ತೆಗೆಯುವ ದಿನವೂ ಮುಖ್ಯ. ಸುಣ್ಣದಕಲ್ಲಿನ ದೊಡ್ಡ ಬಿರುಕು ನೀರನ್ನು ಸೋಸುವುದಿಲ್ಲ. ಜೋರು ಮಳೆಯಾದ ಕೆಲವೇ ಗಂಟೆಗಳಲ್ಲಿ ವಾಹಕತೆ ಕುಸಿದು ನೀರು ಕದಡಿದರೆ, ಮೇಲಿನ ನೀರು ನೇರವಾಗಿ ನುಗ್ಗಿದೆ ಎಂದೇ ಅರ್ಥ. ಶೌಚಗುಂಡಿ ಮೇಲಿದ್ದರೆ ಅದೂ ಜೊತೆಗೆ ಇಳಿಯುತ್ತದೆ. ಈ ಕಲ್ಲಿನಲ್ಲಿ ನೈಟ್ರೇಟ್ ಇಲ್ಲ, ಕ್ಲೋರೈಡ್ ಅತ್ಯಲ್ಪ. ಅವು ಹೆಚ್ಚಾದರೆ ಮೊದಲು ನೋಡಬೇಕಾದದ್ದು ಮೇಲಿನ ಮನೆ, ಹೋಟೆಲುಗಳ ಕಡೆ. ತಿಂಗಳುಗಟ್ಟಲೆ ಮಳೆಯಿಲ್ಲದ ದಿನ ತೆಗೆದ ಮಾದರಿಯಲ್ಲಿ ಹೀಗೆ ಮೇಲಿನಿಂದ ನುಗ್ಗುವುದು ಕಾಣದೇ ಹೋಗಬಹುದು.

2018ರಲ್ಲಿ ನೀತಿ ಆಯೋಗದ ವರದಿ ಹಿಮಾಲಯದ ಒರತೆಗಳನ್ನು ರಾಷ್ಟ್ರದ ಗಮನಕ್ಕೆ ತಂದಿತು. ಅದರ ನಂತರ ಇಂಗುಗುಂಡಿಗಳ ಮಾತು ಹೆಚ್ಚಿದೆ. ಆದರೆ ಮಸ್ಸೂರಿಯ ಪದರಗಳು ದೋಣಿಯಂತೆ ಒಳಬಾಗಿವೆ. ಒಂದು ಇಳಿಜಾರಿನ ಒರತೆಗೆ ನೀರು ಇಂಗುವ ಜಾಗ ಬೆಟ್ಟದ ಆಚೆ ಬದಿಯಲ್ಲಿರಬಹುದು. ಪದರಗಳ ಬಾಗು ನೋಡದೆ ಒರತೆಯ ನೆತ್ತಿಯ ಮೇಲೇ ಗುಂಡಿ ತೋಡಿದರೆ ಕೂಲಿ ಖರ್ಚಷ್ಟೇ. ಬಿರುಕಿನ ಬಾಯಲ್ಲಿ, ಶೌಚಗುಂಡಿಯ ಪಕ್ಕ ತೋಡಿದರೆ ಕೊಳಕಿಗೆ ದಾರಿ ಮಾಡಿದಂತೆ. ಮೊದಲ ಮಳೆಯ ವಾರದಲ್ಲಿ ಕದಡಿದ ನೀರು, ರೋಗಾಣು ಕೊಲ್ಲಲು ಹಾಕಿದ ಕ್ಲೋರಿನ್ ನುಂಗಿಬಿಡುತ್ತದೆ. ಆಗ ಟ್ಯಾಂಕಿಗೆ ಎಷ್ಟು ಹಾಕಿದೆವು ಎಂದು ಬರೆದಿಟ್ಟರೆ ಸಾಲದು, ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ದಿನವೂ ಅಳೆಯಬೇಕು.