ಗಲ್ಫ್ ಪ್ರವಾಸಕ್ಕೆ ಹಣ ಒಯ್ಯುವುದು: ನೋಟು, ಫಾರೆಕ್ಸ್ ಕಾರ್ಡ್ ಮತ್ತು ಸ್ವೈಪ್ ಯಂತ್ರ ಕೇಳುವ ಒಂದು ಪ್ರಶ್ನೆ

ಮಂಗಳೂರಿನ ಬಜಪೆಯಿಂದ ವಿದೇಶಕ್ಕೆ ವಿಮಾನ ಹತ್ತುವ ನಮ್ಮ ಕಡೆಯವರಲ್ಲಿ ಹೆಚ್ಚಿನವರು ಹೋಗುವುದು ಗಲ್ಫಿಗೇ ಆದ್ದರಿಂದ, ಈ ಟಿಪ್ಪಣಿಯ ಲೆಕ್ಕಗಳನ್ನು ದುಬೈಯ ದಿರ್ಹಮ್‌ನಲ್ಲಿಯೇ ಮಾಡಿದ್ದೇನೆ. ಹಣ ಒಯ್ಯಲು ನೋಟು, ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್, ಊರಿನ ಬ್ಯಾಂಕಿನ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್, ಯುಪಿಐ ಎಂಬ ದಾರಿಗಳಿವೆ. ಇವುಗಳಲ್ಲಿ ಯಾವುದು ಅಗ್ಗ ಎಂದು ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ನಮ್ಮ ರೂಪಾಯಿ ಎಷ್ಟು ಬಾರಿ ಬೇರೆ ಕರೆನ್ಸಿಯಾಗಿ ಬದಲಾಗುತ್ತದೆ, ಪ್ರತಿ ಬಾರಿಯೂ ದರ ನಿಗದಿ ಮಾಡುವವರು ಯಾರು ಎಂದು ಕೇಳಿದರೆ ಮಾತ್ರ ಲೆಕ್ಕ ಬಿಡಿಸಿಕೊಳ್ಳುತ್ತದೆ.

ನಿಯಮಗಳು

ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ಮೌಲ್ಯದವರೆಗೆ ವಿದೇಶಿ ಹಣ ಒಯ್ಯಬಹುದು. ಕೆಲವು ದೇಶಗಳಿಗೆ ವಿನಾಯಿತಿ ಇದ್ದರೂ ಯುಎಇ ಅವುಗಳಲ್ಲಿಲ್ಲ. ಅದಕ್ಕಿಂತ ಹೆಚ್ಚಿನದ್ದು ಕಾರ್ಡಿನಲ್ಲಿರಬೇಕು. ರೂಪಾಯಿ ನೋಟುಗಳ ಮಿತಿ 25,000. ಹಂಪನಕಟ್ಟೆಯ ಅಂಗಡಿಯಲ್ಲಿ ಕೊಂಡರೂ ಬ್ಯಾಂಕಿನಲ್ಲಿ ಕೊಂಡರೂ, 50,000 ರೂಪಾಯಿಗಿಂತ ಹೆಚ್ಚಿನ ಮೌಲ್ಯದ ವಿದೇಶಿ ಹಣಕ್ಕೆ ನಗದು ಕೊಡುವಂತಿಲ್ಲ. ಚೆಕ್ ಅಥವಾ ಖಾತೆಯ ಮೂಲಕವೇ ಪಾವತಿಸಬೇಕು. ರಸೀದಿಯನ್ನು ಪಾಸ್‌ಪೋರ್ಟಿನೊಂದಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ವಿನಿಮಯದ ಮೇಲಿನ ಜಿಎಸ್‌ಟಿ ಶೇ. 18 ಎಂದು ಕೇಳಿ ಗಾಬರಿಯಾಗಬೇಕಿಲ್ಲ. ಆ ಶೇ. 18 ಬೀಳುವುದು ಪೂರ್ತಿ ಮೊತ್ತದ ಮೇಲಲ್ಲ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ. 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ತೆರಿಗೆ ಹಾಕುತ್ತಾರೆ. ಹಾಗಾಗಿ ಒಂದು ಲಕ್ಷ ರೂಪಾಯಿ ಬದಲಾಯಿಸಿದರೆ ತೆರಿಗೆ 180 ರೂಪಾಯಿ. ವಿದೇಶಕ್ಕೆ ಒಯ್ಯುವ ಹಣದ ಮೇಲೆ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆಯಾದ ಟಿಸಿಎಸ್‌ನ ಮಿತಿ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿರುವುದರಿಂದ, ಟಿಕೆಟ್ಟನ್ನೂ ವಸತಿಯನ್ನೂ ಟೂರ್ ಪ್ಯಾಕೇಜಾಗಿ ಕೊಳ್ಳದೆ ನಾವೇ ಹಣ ಒಯ್ಯುವ ಸಾಮಾನ್ಯ ಪ್ರವಾಸಕ್ಕೆ ಅದು ತಾಗುವುದಿಲ್ಲ.

ಡಾಲರೋ ದಿರ್ಹಮೋ

ಒಂದು ಡಾಲರಿಗೆ 3.6725 ದಿರ್ಹಮ್ ಎಂಬ ದರ 1997ರಿಂದ ಬದಲಾಗಿಲ್ಲ. ಸೌದಿ ರಿಯಾಲ್ ಕೂಡ ಡಾಲರಿಗೆ 3.75 ಎಂದು ಕಟ್ಟಿಕೊಂಡಿದೆ. ದರ ಸ್ಥಿರವಾಗಿರುವಾಗ ಡಾಲರ್ ಒಯ್ದರೇನು ನಷ್ಟ ಎಂದು ತೋರುವುದು ಸಹಜ. ಆದರೆ ರೂಪಾಯಿಯಿಂದ ಡಾಲರಿಗೆ, ಡಾಲರಿನಿಂದ ದಿರ್ಹಮ್‌ಗೆ ಎಂದು ಎರಡು ಪರಿವರ್ತನೆಗಳಾಗುತ್ತವೆ. ಎರಡು ಕಡೆಯೂ ಅಂಗಡಿಯವರು ತಮ್ಮ ಪಾಲನ್ನು ಇಟ್ಟುಕೊಂಡೇ ಕೊಡುತ್ತಾರೆ. ಊರಿನಲ್ಲಿಯೇ ದಿರ್ಹಮ್ ಸಿಗುವಾಗ ಡಾಲರಿನ ಸುತ್ತುದಾರಿ ಬೇಡ. ಟ್ಯಾಕ್ಸಿ, ಊಟಕ್ಕೆ ಸಾಕಾಗುವಷ್ಟು ಸಣ್ಣ ನೋಟುಗಳಿದ್ದರೆ ಮೊದಲ ದಿನ ಸಾಗುತ್ತದೆ.

ಯಂತ್ರದ ಪ್ರಶ್ನೆ

ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ ಭಾಗ. ದುಬೈಯ ಅಂಗಡಿಯೊಂದರಲ್ಲಿ 400 ದಿರ್ಹಮ್ ಬಿಲ್ ಆಗಿದೆ ಎಂದಿಟ್ಟುಕೊಳ್ಳಿ. ಕಾರ್ಡಿನ ಮೊದಲ ಅಂಕಿಗಳಿಂದಲೇ ಅದು ಭಾರತದ್ದೆಂದು ಗುರುತಿಸುವ ಯಂತ್ರ, ಪರದೆಯ ಮೇಲೆ ‘ಎಇಡಿ 400.00’ ಎಂದೂ ‘ಐಎನ್‌ಆರ್ 10,080.00’ ಎಂದೂ ಎರಡು ಮೊತ್ತಗಳನ್ನು ತೋರಿಸಿ ಯಾವುದರಲ್ಲಿ ಕೊಡುತ್ತೀರಿ ಎಂದು ಕೇಳಬಹುದು. ಈ ವ್ಯವಸ್ಥೆಯ ಹೆಸರು ಡೈನಾಮಿಕ್ ಕರೆನ್ಸಿ ಕನ್ವರ್ಶನ್, ಅಂದರೆ ಡಿಸಿಸಿ. ಪರಿಚಿತವಾದ ರೂಪಾಯಿಯ ಕಡೆಗೆ ಕೈ ತಾನಾಗಿಯೇ ಹೋಗುತ್ತದೆ. ಕೆಲವೊಮ್ಮೆ ಗಲ್ಲಾದಲ್ಲಿರುವವರೇ ನಮ್ಮನ್ನು ಕೇಳದೆ ಅದನ್ನು ಒತ್ತಿಬಿಡುತ್ತಾರೆ.

ರೂಪಾಯಿಯನ್ನೇ ಆರಿಸಿದರೆ ನಮ್ಮ ಬ್ಯಾಂಕಿಗೆ ಪರಿವರ್ತಿಸಲು ಏನೂ ಉಳಿಯುವುದಿಲ್ಲ, ಹಾಗಾಗಿ ಅದು ಪರಿವರ್ತನೆಗೆ ಹಾಕುವ ಹೆಚ್ಚುವರಿ ಶುಲ್ಕ, ಅಂದರೆ ಮಾರ್ಕಪ್, ಉಳಿತಾಯವಾಗಬೇಕಲ್ಲವೇ ಎಂಬ ತರ್ಕ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇದೆ. ಆದರೆ ಪರಿವರ್ತನೆ ಇಲ್ಲಿ ಇಲ್ಲವಾಗಿಲ್ಲ, ಕೈ ಬದಲಾಯಿಸಿದೆ ಅಷ್ಟೇ. ಅದನ್ನು ಈಗ ಮಾಡುತ್ತಿರುವುದು ಅಂಗಡಿಯ ಕಡೆಯ ಸಂಸ್ಥೆ, ದರವೂ ಅದರದ್ದೇ. ಇದರ ಮೇಲೆ, ವಿದೇಶದ ವ್ಯಾಪಾರಿ ರೂಪಾಯಿಯಲ್ಲಿ ವಸೂಲು ಮಾಡಿದ್ದಕ್ಕೂ ನಮ್ಮ ಅನೇಕ ಬ್ಯಾಂಕುಗಳು ಬೇರೆಯೇ ಶುಲ್ಕ ಹಾಕುತ್ತವೆ.

ಲೆಕ್ಕಕ್ಕಾಗಿ ಮಾರುಕಟ್ಟೆ ದರ ದಿರ್ಹಮ್‌ಗೆ 24 ರೂಪಾಯಿ, ಯಂತ್ರದ ದರ ಅದಕ್ಕಿಂತ ಶೇ. 5 ಹೆಚ್ಚು, ಬ್ಯಾಂಕಿನ ಮಾರ್ಕಪ್ ಶೇ. 3.5, ರೂಪಾಯಿ ವಸೂಲಿಯ ಶುಲ್ಕ ಶೇ. 1 ಎಂದು ಹಿಡಿಯೋಣ. ದಿರ್ಹಮ್‌ನಲ್ಲಿಯೇ ಕೊಟ್ಟರೆ 9,600ಕ್ಕೆ ಮಾರ್ಕಪ್ 336, ಆ ಮಾರ್ಕಪ್‌ನ ಮೇಲೆ ಜಿಎಸ್‌ಟಿ 60.48 ಸೇರಿ 9,996.48 ರೂಪಾಯಿ ಆಗುತ್ತದೆ. ರೂಪಾಯಿಯಲ್ಲಿ ಕೊಟ್ಟರೆ 10,080ಕ್ಕೆ ಶುಲ್ಕ 100.80, ಅದರ ಮೇಲಿನ ಜಿಎಸ್‌ಟಿ 18.14 ಸೇರಿ 10,198.94 ರೂಪಾಯಿ. ಅದೇ ಬಿಲ್ಲಿಗೆ 24.30ರ ದರದಲ್ಲಿ ದಿರ್ಹಮ್ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಬಳಸಿದ್ದರೆ 9,720ಕ್ಕೆ ಮುಗಿಯುತ್ತಿತ್ತು, ಏಕೆಂದರೆ ಪರಿವರ್ತನೆ ಒಂದೇ ಬಾರಿ, ಊರಿನಲ್ಲಿಯೇ, ದರ ಕೇಳಿ ತಿಳಿದುಕೊಂಡು ಆಗಿರುತ್ತದೆ.

ಫಾರೆಕ್ಸ್ ಕಾರ್ಡ್ ಇದ್ದವರಿಗೂ ಇದೇ ಪ್ರಶ್ನೆ ಎದುರಾಗಬಹುದು, ಅಲ್ಲಿ ಪೆಟ್ಟು ಇನ್ನೂ ದೊಡ್ಡದು. ಕಾರ್ಡಿನಲ್ಲಿರುವುದು ದಿರ್ಹಮ್ ಮಾತ್ರ, ಆದರೆ ಯಂತ್ರ ಡಾಲರಿನಲ್ಲಿ ಕೊಡುತ್ತೀರಾ ಎನ್ನುತ್ತದೆ ಎಂದುಕೊಳ್ಳಿ. 400 ದಿರ್ಹಮ್ ಎಂದರೆ ಸರಿಸುಮಾರು 108.92 ಡಾಲರ್, ಶೇ. 5 ಸೇರಿಸಿದರೆ 114.37. ಕಾರ್ಡಿನಲ್ಲಿ ಡಾಲರ್ ಇಲ್ಲದ ಕಾರಣ ಅದನ್ನು ಮತ್ತೆ ದಿರ್ಹಮ್‌ಗೆ ತಿರುಗಿಸಬೇಕು, ಆಗ 420 ಆಯಿತು. ಕಾರ್ಡಿನಲ್ಲಿಲ್ಲದ ಕರೆನ್ಸಿ ಬಳಸಿದ್ದಕ್ಕೆ ಶೇ. 3.5 ಶುಲ್ಕವೆಂದರೆ ಒಟ್ಟು 434.70 ದಿರ್ಹಮ್. ಚೀಲದಲ್ಲಿ ದಿರ್ಹಮ್ ಇಟ್ಟುಕೊಂಡು, ದಿರ್ಹಮ್ ಬಿಲ್ಲಿಗೆ, ಡಾಲರಿನ ಮೂಲಕ ಹಣ ಕಟ್ಟಿದಂತಾಯಿತು. ಈ ಒಂದು ಲೆಕ್ಕವನ್ನು ಕಾಗದದ ಮೇಲೆ ನೀವೇ ಮಾಡಿ ನೋಡಿ; ಉಳಿದದ್ದೆಲ್ಲ ಸುಲಭವಾಗುತ್ತದೆ.

ಎಟಿಎಂನಲ್ಲಿ ಇದೇ ಪ್ರಶ್ನೆ ಇನ್ನಷ್ಟು ಗೊಂದಲ ಹುಟ್ಟಿಸುವ ರೂಪದಲ್ಲಿ ಬರುತ್ತದೆ. ಪರಿವರ್ತನೆಯನ್ನು ‘ಅಕ್ಸೆಪ್ಟ್’ ಅಥವಾ ‘ಡಿಕ್ಲೈನ್’ ಮಾಡಿ ಎಂಬ ಎರಡು ಗುಂಡಿಗಳಲ್ಲಿ, ‘ಡಿಕ್ಲೈನ್’ ಒತ್ತಿದರೆ ಹಣವೇ ಬರುವುದಿಲ್ಲವೇನೋ ಎಂದು ಅನ್ನಿಸುತ್ತದೆ. ನಾವು ತಿರಸ್ಕರಿಸುವುದು ಯಂತ್ರದ ದರವನ್ನು ಮಾತ್ರ. ಹಣ ತೆಗೆಯುವ ಕೋರಿಕೆ ಹಾಗೆಯೇ ಮುಂದುವರಿದು ನೋಟು ಹೊರಬರುತ್ತದೆ. ಎಟಿಎಂ ಬಳಕೆಗೆ ಪ್ರತಿ ಸಲವೂ ಶುಲ್ಕವಿರುವುದರಿಂದ ಸಣ್ಣ ಮೊತ್ತವನ್ನು ಪದೇ ಪದೇ ತೆಗೆಯುವುದು ದುಬಾರಿ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ.

ಹೊರಡುವ ಮುನ್ನ

2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು ಮಿತಿ ಹಾಕಿಕೊಳ್ಳಬೇಕು. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಬೇಕು. ಹೋಟೆಲಿನವರು ಮುಂಗಡವೆಂದು ಕಾರ್ಡಿನಲ್ಲಿ ಒಂದಷ್ಟು ಮೊತ್ತ ತಡೆಹಿಡಿಯುವುದುಂಟು, ಕೊಠಡಿ ಬಿಟ್ಟ ಮೇಲೂ ಅದು ಬಿಡುಗಡೆಯಾಗಲು ದಿನಗಳು ಹಿಡಿಯುತ್ತವೆ. ಆ ಕೆಲಸಕ್ಕೆ ಕ್ರೆಡಿಟ್ ಕಾರ್ಡನ್ನೇ ಕೊಡಿ. ಫಾರೆಕ್ಸ್ ಕಾರ್ಡ್ ಕೊಟ್ಟರೆ ಖರ್ಚಿನ ಹಣವೇ ಕಟ್ಟಿಬೀಳುತ್ತದೆ. ಎರಡು ಕಾರ್ಡುಗಳನ್ನು ಒಂದೇ ಪರ್ಸಿನಲ್ಲಿ ಇಡಬೇಡಿ. ಯುಎಇ, ಸಿಂಗಾಪುರ, ಶ್ರೀಲಂಕಾ, ನೇಪಾಳದಂಥ ದೇಶಗಳ ಕೆಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ, ಆದರೆ ಸದ್ಯಕ್ಕೆ ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ.

ಹಿಂದಿರುಗಿದ ಮೇಲೆ ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದಾರರಿಗೋ ಮರಳಿಸಬೇಕು. ನೋಟಿನ ರೂಪದಲ್ಲಿ 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ಮರಳಿಸುವಾಗ ಸಿಗುವುದು ಅವರು ಕೊಳ್ಳುವ ಕಡಿಮೆ ದರವಾದ್ದರಿಂದ ಅದೂ ಒಂದು ಪರಿವರ್ತನೆಯೇ. ಮುಂದಿನ ವರ್ಷ ಮತ್ತೆ ಹೋಗುವುದಿದ್ದರೆ ಮಿತಿಯೊಳಗಿನ ದಿರ್ಹಮ್ ನೋಟುಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಚಿಲ್ಲರೆ ನಾಣ್ಯಗಳನ್ನು ಸಾಮಾನ್ಯವಾಗಿ ಇಲ್ಲಿ ಯಾರೂ ಬದಲಾಯಿಸಿ ಕೊಡುವುದಿಲ್ಲ. ವಿಮಾನ ನಿಲ್ದಾಣದಲ್ಲಿಯೇ ಒಂದು ಚಹಾಕ್ಕೆ ಮುಗಿಸಿ ಬನ್ನಿ.