ರಂಗೀನ್ ಮಹಲ್‌ಗೆ ಕೀಲಿ ಹಾಕಿದ್ದರೆ ಒಳಗೆ ನೋಡೋದು ಹೇಗೆ?

ಪ್ರಶ್ನೆ: ಮಕ್ಕಳನ್ನು ಕರಕೊಂಡು ಬೀದರ್ ಕೋಟೆಗೆ ಹೋಗಿದ್ದೆವು. ರಂಗೀನ್ ಮಹಲ್ ತಪ್ಪದೆ ನೋಡಿ ಅಂತ ಎಲ್ಲರೂ ಹೇಳಿದ್ದರು. ಹೋದರೆ ಬಾಗಿಲಿಗೆ ಕೀಲಿ. ಜನರನ್ನು ಒಳಗೆ ಬಿಡೋದೇ ಇಲ್ವಾ?

ಬಿಡುತ್ತಾರೆ, ಆದರೆ ಕೇಳಬೇಕು. ಕೇಳಬೇಕಾದ ಜಾಗ ಮಾತ್ರ ಬೇರೆ, ಕೋಟೆಯೊಳಗಿನ ಮ್ಯೂಸಿಯಂ.

ಜನ ತಪ್ಪುವುದೇ ಇಲ್ಲಿ. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ದಾಟಿದ ಕೂಡಲೇ ರಂಗೀನ್ ಮಹಲ್ ಸಿಗುತ್ತದೆ. ಕೀಲಿ ಕಂಡು ಎಲ್ಲರೂ ಮುಂದೆ ನಡೆದುಬಿಡುತ್ತಾರೆ. ಮ್ಯೂಸಿಯಂ ಇರುವುದು ಇನ್ನೂ ಒಳಗೆ, ಹಳೆಯ ಶಾಹಿ ಹಮಾಮಿನಲ್ಲಿ (ಅರಮನೆಯ ಸ್ನಾನಗೃಹ). ಅಲ್ಲಿನ ಪುರಾತತ್ವ ಇಲಾಖೆಯ ಸಿಬ್ಬಂದಿಗೆ, "ಸರ್, ರಂಗೀನ್ ಮಹಲ್ ಸ್ವಲ್ಪ ತೆಗೆದು ತೋರಿಸ್ರಿ" ಅಂತ ಕೇಳಿ. ಸೋಲಾ ಖಂಬಾ ಮಸೀದಿ ಮುಚ್ಚಿದ್ದರೂ ಅವರನ್ನೇ ಕೇಳಬೇಕು. ಪುರಾತತ್ವ ಇಲಾಖೆಯ ಇಂಥ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಹಾಗಾಗಿ ಬೇರೆ ದಿನ ಹೋಗಿ. ಮೊದಲು ಮ್ಯೂಸಿಯಂ, ಆಮೇಲೆ ಮಹಲ್.

ಇಷ್ಟೆಲ್ಲ ಓಡಾಡಬೇಕಾ ಅಂದರೆ, ಖಂಡಿತ ಬೇಕು. ಹೊರಗಿನಿಂದ ನೋಡಿದರೆ ಈ ಮಹಲ್ ಸಾದಾ ಕಲ್ಲುಗೋಡೆ ಅಷ್ಟೆ. ಒಳಗಿನ ಕೆಲಸವೇ ಬೇರೆ. ಬರೀದ್ ಶಾಹಿ ಅರಸ ಅಲಿ ಬರೀದ್ (ಆಳಿದ್ದು 1542ರಿಂದ 1580) ಮಾಡಿಸಿದ ಕೆಲಸ ಅದು. ಮುಂದಿನ ಹಜಾರದಲ್ಲಿ ಕೆತ್ತಿದ ಮರದ ಕಂಬಗಳಿವೆ. ಕಂಬ ನೋಡಿ ವಾಪಸ್ ಬರಬೇಡಿ, ಒಳಕೋಣೆಯ ಬಾಗಿಲ ಹತ್ತಿರ ಹೋಗಿ. ನುಣ್ಣಗೆ ತಿಕ್ಕಿದ ಕರಿಕಲ್ಲಿನ ಚೌಕಟ್ಟು. ಕಲ್ಲನ್ನು ಕೊರೆದು, ಆ ಸಣ್ಣ ಸಣ್ಣ ಗುಂಡಿಗಳಲ್ಲಿ ಮುತ್ತಿನ ಚಿಪ್ಪಿನ ಚೂರು ಕೂರಿಸಿದ್ದಾರೆ. ಬಳ್ಳಿ, ಹೂವು, ಪರ್ಷಿಯನ್ ಭಾಷೆಯ ಸಾಲುಗಳು. ನಿಂತ ಜಾಗದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಈಗಷ್ಟೇ ಬಿಳಿಯಾಗಿದ್ದ ಎಸಳು ಹಸಿರಾಗುತ್ತದೆ, ಗುಲಾಬಿಯಾಗುತ್ತದೆ. ಕೈ ಮಾತ್ರ ಹಚ್ಚಬೇಡಿ. ಉದುರಿದ ಚಿಪ್ಪಿನ ಜಾಗಗಳು ಕಂಡರೆ ಕೀಲಿ ಯಾಕೆ ಹಾಕುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ.

ಕರಿ ಕಲ್ಲಲ್ಲಿ ಹೊಳೆಯುವ ಚಿಪ್ಪು, ಕರಿ ಲೋಹದಲ್ಲಿ ಹೊಳೆಯುವ ಬೆಳ್ಳಿ. ಬಿದ್ರಿ ಕೆಲಸ ನೆನಪಾಗುತ್ತದೆ ಅಲ್ವಾ? ಬಿದ್ರಿಯ ಆ ಕಪ್ಪು ಬಣ್ಣಕ್ಕೆ ಬೇಕಾದ ಮಣ್ಣೂ ಇದೇ ಕೋಟೆಯದು. ಬಿಸಿಲು, ಮಳೆ ಬೀಳದ ಹಳೆ ಗೋಡೆಗಳ ಕಡೆಯಿಂದ ಕುಶಲಕರ್ಮಿಗಳು ತರುತ್ತಾರೆ. ಈ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಕಾಯಿಸಿದ ನೀರಿನಲ್ಲಿ ಸತು-ತಾಮ್ರದ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಸಮಯ ಇದ್ದರೆ ದಿವಾನ್-ಎ-ಆಮ್, ತಖ್ತ್ ಮಹಲ್ ಕಡೆಗೂ ನಡೆಯಿರಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ದರ್ಬಾರು ಸೇರುತ್ತಿದ್ದ ಕಟ್ಟಡಗಳಿವು. ಸರ್ಕಾರ ನಡೆದದ್ದೇ ಇಲ್ಲಿಂದ. ತಖ್ತ್ ಮಹಲ್ ಎತ್ತರದ ಕಮಾನಿನ ಪಕ್ಕ ತಲೆ ಎತ್ತಿ ಹುಡುಕಿ, ಬಣ್ಣದ ಹೆಂಚಿನಲ್ಲಿ ಹುಲಿ, ಅದರ ಬೆನ್ನ ಹಿಂದೆ ಸೂರ್ಯ ಕಾಣುತ್ತದೆ. ಮಕ್ಕಳಿಗೆ ಹುಡುಕಲು ಹೇಳಿದರೆ ಇನ್ನೂ ಚೆಂದ.

ಮಹಮೂದ್ ಗವಾನ್ ಮದರಸಾ (1472) ಕೋಟೆಯೊಳಗಿಲ್ಲ, ಊರಲ್ಲಿದೆ. ಕೋಟೆ ಮುಗಿಸಿ ಊರ ನಡುವಿನ ಹಳೆ ಕಾವಲು ಗೋಪುರ ಚೌಬಾರದ ಕಡೆ ಬರುವಾಗ ನೋಡಿಕೊಂಡು ಬನ್ನಿ.